10 ವರ್ಷ ಡಿಎಪಿ ಹಾಕಿದ ಎರೆ ಹೊಲ: ವರದಿಯಲ್ಲಿ ರಂಜಕ ಹೆಚ್ಚು, ಪೈರಿನ ಎಲೆ ನೇರಳೆ. ಡಿಎಪಿ ನಿಲ್ಲಿಸಬಹುದಾ?

ಎರೆಹೊಲ_ರಾಣೆಬೆನ್ನೂರು:

ಎಲ್ಲರಿಗೂ ನಮಸ್ಕಾರ. ಹೊಲದ ವಿವರ ಪೂರ್ತಿ ಕೊಟ್ಟಿದ್ದೇನೆ, ನೋಡಿ ಹೇಳಿ.

4 ಎಕರೆ ಎರೆ ಭೂಮಿ, ಅಲ್ಲಲ್ಲಿ ಸುಣ್ಣದ ಹರಳು ಕಾಣುತ್ತದೆ. ಮುಂಗಾರಿಗೆ ಗೋವಿನಜೋಳ, ಮಳೆ ಕೈಕೊಟ್ಟರೆ ಬೋರಿನ ನೀರು. 10 ವರ್ಷದಿಂದ ಬಿತ್ತುವಾಗ ಎಕರೆಗೆ 2 ಚೀಲ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಡೈಅಮೋನಿಯಂ ಫಾಸ್ಫೇಟ್ ಗೊಬ್ಬರ), ಆಮೇಲೆ ಯೂರಿಯಾ. ಇಳುವರಿ ಎಕರೆಗೆ 25 ಕ್ವಿಂಟಾಲ್ ಆಸುಪಾಸು. ಸೊಪ್ಪೆ ಪೂರ್ತಿ ದನಕ್ಕೆ ಹೋಗುತ್ತದೆ.

ಮಣ್ಣು ಪರೀಕ್ಷೆ ವರದಿ: ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಮೇಲೆ ಕ್ಷಾರ) 8.1, ಸಾವಯವ ಇಂಗಾಲ 0.42%, ಲಭ್ಯ ರಂಜಕ ಹೆಕ್ಟೇರಿಗೆ 92 ಕಿಲೋ ಪಿ2ಒ5 (ಗೊಬ್ಬರದ ಲೆಕ್ಕದಲ್ಲಿ ರಂಜಕವನ್ನು ಹೇಳುವ ಆಕ್ಸೈಡ್ ರೂಪ; "ಹೆಚ್ಚು" ಎಂದು ಬರೆದಿದ್ದಾರೆ), ಪೊಟ್ಯಾಷ್ ಹೆಚ್ಚು, ಸತು (ಜಿಂಕ್) 0.48 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು).

ಇಷ್ಟಿದ್ದರೂ 20 ದಿನದ ಪೈರಿನಲ್ಲಿ ಕೆಳಗಿನ ಎಲೆಯ ಅಂಚು ನೇರಳೆ. ಕೆಲವು ಸಾಲಿನಲ್ಲಿ ಹೊಸ ಎಲೆಯ ಬುಡದ ಕಡೆ ನಡುನರದ ಎರಡೂ ಬದಿಗೆ ಬಿಳಿ ಪಟ್ಟೆ. "ಸುಣ್ಣದ ಮಣ್ಣು ರಂಜಕಾನ ಕಲ್ಲು ಮಾಡಿಬಿಡ್ತದ, ಇನ್ನೊಂದು ಚೀಲ ಹಾಕು" ಅನ್ನುವವರು ಒಂದು ಕಡೆ, "ವರದಿ ಹೆಚ್ಚು ಅಂದಮೇಲೆ ಡಿಎಪಿ ಬಿಟ್ಟೇಬಿಡು" ಅನ್ನುವವರು ಇನ್ನೊಂದು ಕಡೆ. ಹಾಕಿದ ರಂಜಕ ನಿಜವಾಗಿ ಎಲ್ಲಿ ಹೋಗುತ್ತದೆ? ಮುಂದಿನ ಬಿತ್ತನೆಗೆ ಎಷ್ಟು ಹಾಕಬೇಕು?


ಮಣ್ಣಿನ_ಲೆಕ್ಕ:

ಅಣ್ಣಾರ, ಇನ್ನೊಂದು ಚೀಲ ಬೇಡ. ಪೂರ್ತಿ ಬಿಡುವುದೂ ಬೇಡ. ಯಾಕೆ ಅನ್ನುವುದಕ್ಕೆ ಮೊದಲು ಲೆಕ್ಕ ನೋಡೋಣ.

ಡಿಎಪಿಯ 50 ಕಿಲೋ ಚೀಲದಲ್ಲಿ 9 ಕಿಲೋ ಸಾರಜನಕ, 23 ಕಿಲೋ ಪಿ2ಒ5. ನೀವು ಹಾಕುತ್ತಿರುವುದು ಎಕರೆಗೆ 46 ಕಿಲೋ ಪಿ2ಒ5. ನೀರಾವರಿ ಗೋವಿನಜೋಳಕ್ಕೆ ಶಿಫಾರಸು ಇರುವುದು ಹೆಕ್ಟೇರಿಗೆ 75, ಅಂದರೆ ಎಕರೆಗೆ 30. ಹೊಲದಿಂದ ಹೊರಗೆ ಹೋಗುವುದು ಇನ್ನೂ ಕಡಿಮೆ: ಒಂದು ಕ್ವಿಂಟಾಲ್ ಕಾಳಿನಲ್ಲಿ ಸುಮಾರು 600ರಿಂದ 650 ಗ್ರಾಂ ಪಿ2ಒ5 ಇರುತ್ತದೆ. 25 ಕ್ವಿಂಟಾಲಿಗೆ 16 ಕಿಲೋ ಹಿಡಿಯಿರಿ, ಸೊಪ್ಪೆಯಲ್ಲಿ ಇನ್ನೊಂದು 4 ಕಿಲೋ. ಹಾಕಿದ್ದು 46, ಹೋಗಿದ್ದು 20. ವರ್ಷವರ್ಷವೂ 26 ಕಿಲೋ ಉಳಿದಿದೆ. 10 ವರ್ಷಕ್ಕೆ ಎಕರೆಗೆ 260 ಕಿಲೋ, ಅಂದರೆ 11 ಚೀಲ ಡಿಎಪಿಯಲ್ಲಿ ಇರುವಷ್ಟು ರಂಜಕ ನಿಮ್ಮ ಒಂದೊಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಕೂತಿದೆ.

ರಂಜಕ ಸಾರಜನಕದ ಹಾಗೆ ಗಾಳಿಗೆ ಹಾರುವುದಿಲ್ಲ. ಎರೆ ಮಣ್ಣಿನಲ್ಲಿ ನೀರಿನ ಜೊತೆ ಆಳಕ್ಕೆ ಬಸಿದು ಹೋಗುವುದೂ ಇಲ್ಲವೆನ್ನುವಷ್ಟು ಕಡಿಮೆ. ಹೊಲ ಬಿಟ್ಟು ಹೋಗಲು ಅದಕ್ಕೆ ಎರಡೇ ದಾರಿ. ಒಂದು ಬೆಳೆ, ಇನ್ನೊಂದು ಕೊಚ್ಚಿಹೋಗುವ ಮೇಲ್ಮಣ್ಣು. ಬದು ಒಡೆದ ಹೊಲದಲ್ಲಿ ಎರಡನೇ ದಾರಿ ದೊಡ್ಡದಾಗುತ್ತದೆ, ಅದನ್ನು ಮೊದಲು ಕಟ್ಟಿ.

ಉಳಿದದ್ದು "ಕಲ್ಲಾಯಿತು" ಅನ್ನುವುದು ಅರ್ಧ ಸತ್ಯ. ಗುಳಿಗೆ ಮಣ್ಣಿನ ತೇವ ಹೀರಿ ಒಂದೆರಡು ದಿನದಲ್ಲಿ ಕರಗುತ್ತದೆ. ಕರಗಿದ ರಂಜಕ ಸುತ್ತ ಎರಡು ಮೂರು ಸೆಂಟಿಮೀಟರ್ ಹರಡುವಷ್ಟರಲ್ಲಿ ಮಣ್ಣಿನ ಕ್ಯಾಲ್ಸಿಯಂ ಸಿಕ್ಕಿ ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ. ಇದಕ್ಕೆ ಹಿಡಿಯುವುದು ಕೆಲವೇ ದಿನದಿಂದ ವಾರಗಳು. ಇದು ಕಲ್ಲಲ್ಲ, ಬೇರು ಇದರಿಂದ ಚೆನ್ನಾಗಿಯೇ ತೆಗೆದುಕೊಳ್ಳುತ್ತದೆ. ತಿಂಗಳುಗಳು, ವರ್ಷಗಳು ಕಳೆದಂತೆ ಅದರಲ್ಲಿ ಒಂದು ಪಾಲು ಆಕ್ಟಾಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತದೆ, ಕರಗುವುದು ನಿಧಾನ. ಕೊನೆಯ ಹಂತ ಅಪಟೈಟ್, ಬಂಡೆಯಲ್ಲಿ ಇರುವಂಥ ಗಟ್ಟಿ ಕ್ಯಾಲ್ಸಿಯಂ ಫಾಸ್ಫೇಟ್. ಆ ಹಂತ ಮುಟ್ಟಿದ್ದು ಪಿಎಚ್ 8ರ ಮೇಲಿನ ಮಣ್ಣಿನಲ್ಲಿ ಬೆಳೆಯ ಪಾಲಿಗೆ ಇಲ್ಲದ ಹಾಗೆಯೇ. ಆದರೆ ಅಷ್ಟು ದೂರ ಹೋಗಲು ಬಹಳ ಕಾಲ ಬೇಕು. ಮಣ್ಣಿನಲ್ಲಿ ಸಾವಯವ ಪದಾರ್ಥ ಇದ್ದರೆ ಹರಳು ಕಟ್ಟುವುದು ಇನ್ನೂ ತಡವಾಗುತ್ತದೆ. ನಿಮ್ಮ ಇಂಗಾಲ 0.42% ಇರುವುದು ಈ ಲೆಕ್ಕದಲ್ಲಿಯೂ ಕೊರತೆಯೇ.

ಹಗೇವಿನ (ನೆಲದೊಳಗಿನ ಕಣಜದ) ಕಾಳು ಇದ್ದ ಹಾಗೆ ಅಂದುಕೊಳ್ಳಿ. ಒಳಗೆ ತುಂಬಿದೆ, ಬಾಯಿ ಮಾತ್ರ ಕಿರಿದು. ಆ ಬಾಯಿ ಎಷ್ಟು ಕಿರಿದು ಅಂದರೆ, ಒಳ್ಳೆಯ ಹೊಲದ ಮಣ್ಣಿನ ನೀರಿನಲ್ಲೂ ಒಂದು ಲೀಟರಿಗೆ 0.2 ಮಿಲಿಗ್ರಾಂ ಆಸುಪಾಸು ರಂಜಕ ಇರುತ್ತದೆ, ಅಷ್ಟೇ. ಮೇಲಿನ ಅರ್ಧ ಅಡಿ ಮಣ್ಣು 40 ಮಿ.ಮೀ. ನೀರು ಹಿಡಿದಿದೆ ಅಂತಿಟ್ಟುಕೊಂಡರೆ ಎಕರೆಗೆ 1,60,000 ಲೀಟರ್. ಅದರಲ್ಲಿ ಯಾವ ಗಳಿಗೆಯಲ್ಲಿ ನೋಡಿದರೂ ಕರಗಿರುವ ರಂಜಕ 32 ಗ್ರಾಂ. ನಿಮ್ಮ ಬೆಳೆಗೆ ಬೇಕಾದದ್ದು 9 ಕಿಲೋ ರಂಜಕ (20 ಕಿಲೋ ಪಿ2ಒ5 ಅಂದರೆ ಇದೇ). ಅಂದರೆ ಬೇರು ಖಾಲಿ ಮಾಡಿದ ಹಾಗೆಲ್ಲ ಮಣ್ಣು ತನ್ನ ದಾಸ್ತಾನಿನಿಂದ ಆ ನೀರನ್ನು ಹಂಗಾಮಿನಲ್ಲಿ 280 ಸಲ ಮರುತುಂಬಬೇಕು. ದಾಸ್ತಾನು ಹೆಚ್ಚಿದ್ದರೆ ತುಂಬುವುದು ಬೇಗ. ಹಳೇ ಡಿಎಪಿ ಕೆಲಸ ಮಾಡುವುದೇ ಹೀಗೆ.

"ಹಾಕಿದ್ದರಲ್ಲಿ ಬೆಳೆಗೆ ಸಿಗುವುದು 15–20% ಮಾತ್ರ" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ಹಾಕಿದ ಮೊದಲ ಹಂಗಾಮಿನ ಲೆಕ್ಕ. ಉಳಿದದ್ದು ಮುಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತಲೇ ಇರುತ್ತದೆ. ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರೋಥಮ್‌ಸ್ಟೆಡ್‌ನಲ್ಲಿ 1856ರಿಂದ 1901ರವರೆಗೆ ಗೊಬ್ಬರ ಹಾಕಿ, ಆಮೇಲೆ ರಂಜಕ ನಿಲ್ಲಿಸಿದ ಒಂದು ಹೊಲ ಇದೆ. ಅರ್ಧ ಶತಮಾನ ಕಳೆದ ಮೇಲೂ ಹಿಂದೆ ರಂಜಕ ಬಿದ್ದಿದ್ದ ತಾಕುಗಳಲ್ಲಿ ಬಾರ್ಲಿ, ಬೀಳದ ತಾಕುಗಳಿಗಿಂತ ಹೆಚ್ಚು ಬೆಳೆಯುತ್ತಿತ್ತು. ನಮ್ಮ ಎರೆ ಮಣ್ಣಿನ ವಿಷಯದಲ್ಲೂ ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನ ಇಕ್ರಿಸ್ಯಾಟ್ (ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ) ಕೆಲಸದಿಂದ ತಿಳಿದದ್ದು ಇದೇ: ಈ ಮಣ್ಣು ರಂಜಕವನ್ನು ಜನ ಅಂದುಕೊಂಡಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಹಿಡಿದದ್ದರಲ್ಲಿ ಬಹುಪಾಲು ವಾಪಸ್ ಬಿಡುತ್ತದೆ.

ಹಾಗಾದರೆ ನೇರಳೆ ಯಾಕೆ? ರಂಜಕ ಬೇರಿನ ಹತ್ತಿರ ಬರುವುದಿಲ್ಲ, ಬೇರೇ ಅದರ ಹತ್ತಿರ ಹೋಗಬೇಕು. ದಿನಕ್ಕೆ ಒಂದು ಮಿಲಿಮೀಟರ್ ಕೂಡ ನಡೆಯದ ವಸ್ತು ಅದು. ಬಿತ್ತಿದ ಮೇಲೆ ವಾರಗಟ್ಟಲೆ ಜಿಟಿಜಿಟಿ ಮಳೆ ಹಿಡಿದು ಎರೆ ಮಣ್ಣು ತಣ್ಣಗೆ, ಗಾಳಿಯಾಡದೆ ಕೂತರೆ ಬೇರು ಬೆಳೆಯುವುದಿಲ್ಲ. ಕಾಳಿನಲ್ಲಿದ್ದ ರಂಜಕ ಎರಡು ವಾರಕ್ಕೆ ಮುಗಿದಿರುತ್ತದೆ. ಆಗ ದಾಸ್ತಾನು ಎಷ್ಟಿದ್ದರೂ ಎಲೆ ನೇರಳೆಯಾಗುತ್ತದೆ. ಬಿಸಿಲು ಬಿದ್ದು ಮಣ್ಣು ಬಿರಿದ ಮೇಲೆ ಎಂಟು ಹತ್ತು ದಿನದಲ್ಲಿ ಹೊಸ ಎಲೆ ಹಸಿರಾಗಿ ಬಂದರೆ ಅದು ಮಣ್ಣಿನ ರಂಜಕದ ಕೊರತೆ ಅಲ್ಲ. ಕೆಲವು ಹೈಬ್ರಿಡ್ ತಳಿಗಳು ಇದನ್ನು ಬೇಗ ತೋರಿಸುತ್ತವೆ, ಅದಕ್ಕೆ ಹೆದರಬೇಡಿ. ಒಂದು ಗಿಡ ಸಲಿಕೆಯಿಂದ ಕಿತ್ತು ಬೇರು ತೊಳೆದು ನೋಡಿ. ಬೇರು ಮೊಂಡಾಗಿ, ಕಂದು ತುದಿ ಇದ್ದರೆ ತಂಪು ಅಥವಾ ನೀರು ನಿಂತದ್ದು ಕಾರಣ. ಉಳುಮೆಯ ಅಡಿಯಲ್ಲಿ ಬೇರು ಅಡ್ಡಕ್ಕೆ ತಿರುಗಿದ್ದರೆ ಟ್ರ್ಯಾಕ್ಟರ್ ಗಾಲಿ ಗಟ್ಟಿ ಮಾಡಿದ ಪದರ ಕಾರಣ.

ಬಿಳಿ ಪಟ್ಟೆಯ ವಿಷಯ ಬೇರೆ, ನಿಮ್ಮ ಹೊಲದ ನಿಜವಾದ ತೊಂದರೆ ಅದೇ. ಸತು 0.6 ಪಿಪಿಎಂಗಿಂತ ಕಡಿಮೆ ಇದ್ದರೆ ಕೊರತೆ, ನಿಮ್ಮದು 0.48. ರಂಜಕ ಏರಿದಷ್ಟೂ ಗಿಡ ಸತುವನ್ನು ತೆಗೆದುಕೊಳ್ಳುವುದು, ಒಳಗೆ ಸಾಗಿಸುವುದು ಎರಡೂ ಕುಗ್ಗುತ್ತದೆ. ಇದರ ಮೇಲೆ ಇನ್ನೊಂದು ಚೀಲ ಡಿಎಪಿ ಹಾಕಿದರೆ ಪಟ್ಟೆ ಇನ್ನೂ ಅಗಲವಾಗುತ್ತದೆ. ನಿಂತ ಬೆಳೆಗೆ 100 ಲೀಟರ್ ನೀರಿಗೆ 500 ಗ್ರಾಂ ಸತುವಿನ ಸಲ್ಫೇಟ್, ಜೊತೆಗೆ 250 ಗ್ರಾಂ ಸುಣ್ಣ ಕರಗಿಸಿ ಸೋಸಿದ ತಿಳಿ ಸೇರಿಸಿ ಸಿಂಪಡಿಸಿ. ಸುಣ್ಣ ಸೇರಿಸದಿದ್ದರೆ ಎಲೆ ಸುಡುತ್ತದೆ. 10 ದಿನ ಬಿಟ್ಟು ಇನ್ನೊಂದು ಸಲ. ಮುಂದಿನ ಬಿತ್ತನೆಗೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟನ್ನು ಪುಡಿ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಬೇರೆಯಾಗಿ ಹಾಕಿ. ಡಿಎಪಿಯ ಜೊತೆ ಒಂದೇ ಪೆಟ್ಟಿಗೆಗೆ ಸುರಿದರೆ ಎರಡೂ ಸೇರಿ ಸತುವಿನ ಫಾಸ್ಫೇಟ್ ಆಗಿ ಸತು ಬೆಳೆಗೆ ಸಿಗುವುದು ಕಡಿಮೆಯಾಗುತ್ತದೆ.

ಮುಂದಿನ ಬಿತ್ತನೆಯ ಡಿಎಪಿ ಪ್ರಮಾಣ: ಶಿಫಾರಸಿನ ಅರ್ಧ, ಎಕರೆಗೆ 15 ಕಿಲೋ ಪಿ2ಒ5. ಡಿಎಪಿಯಲ್ಲಿ ಕೊಡುವುದಾದರೆ 33 ಕಿಲೋ. ದಾಸ್ತಾನು ಇದ್ದೂ ಇಷ್ಟನ್ನು ಉಳಿಸಿಕೊಳ್ಳುವುದು ಎಳೆ ಬೇರಿಗಾಗಿ. ಕಾಳಿನ ರಂಜಕ ಮುಗಿದು ಬೇರು ಹರಡುವ ನಡುವಿನ ಎರಡು ಮೂರು ವಾರ ಕೈಗೆಟುಕುವ ಜಾಗದಲ್ಲಿ ಕರಗುವ ರಂಜಕ ಇರಬೇಕು. ಆದ್ದರಿಂದ ಚೆಲ್ಲಬೇಡಿ, ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಗೆ ಬೀಳುವ ಹಾಗೆ ಕೂರಿಗೆ ಹೊಂದಿಸಿ. ಬೀಜಕ್ಕೆ ತಾಗಿ ಬಿದ್ದರೆ ಈ ಪಿಎಚ್‌ನಲ್ಲಿ ಡಿಎಪಿ ಬಿಡುವ ಅಮೋನಿಯಾ ಮೊಳಕೆ ಕೊಲ್ಲುತ್ತದೆ, ಸಾಲಿನಲ್ಲಿ ಹುಸಿ ಬೀಳುವುದಕ್ಕೆ ಬಹಳ ಸಲ ಇದೇ ಕಾರಣ.

ಪ್ರಮಾಣ ಸರಿ ಬೀಳುತ್ತಿದೆಯಾ ನೋಡಲು: ಸಾಲಿನ ಅಂತರ 60 ಸೆಂ.ಮೀ. ಇದ್ದರೆ ಎಕರೆಗೆ 6,745 ಮೀಟರ್ ಸಾಲು. 33 ಕಿಲೋ ಅಂದರೆ ಮೀಟರಿಗೆ 5 ಗ್ರಾಂ. ಗೊಬ್ಬರದ ಕೊಳವೆಯ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ 20 ಮೀಟರ್ ಓಡಿಸಿ, ತೂಗಿ. ಒಂದು ಕೊಳವೆಗೆ 100 ಗ್ರಾಂ ಬರಬೇಕು. ಎಲ್ಲ ಕೊಳವೆಗೂ ಮಾಡಿ, ಒಂದಕ್ಕೊಂದು ಬಹಳ ವ್ಯತ್ಯಾಸ ಇರುತ್ತದೆ.

ಜನ ಮರೆಯುವ ಮಾತು ಇನ್ನೊಂದಿದೆ. ಡಿಎಪಿ ಕಡಿಮೆ ಮಾಡಿದಾಗ ಅದರ ಸಾರಜನಕವೂ ಕಡಿಮೆಯಾಯಿತು. 2 ಚೀಲದಲ್ಲಿ 18 ಕಿಲೋ ಬರುತ್ತಿತ್ತು, 33 ಕಿಲೋದಲ್ಲಿ 6 ಬರುತ್ತದೆ. ಉಳಿದ 12 ಕಿಲೋಗೆ 26 ಕಿಲೋ ಯೂರಿಯಾ ಸೇರಿಸದಿದ್ದರೆ ಬೆಳೆ ಹಳದಿಯಾಗುತ್ತದೆ. "ಡಿಎಪಿ ಬಿಟ್ಟೆ, ಬೆಳೆ ಕೆಟ್ಟಿತು" ಅನ್ನುವ ದೂರಿನ ಹಿಂದೆ ಬಹಳ ಸಲ ಇರುವುದು ಸಾರಜನಕ.


ಲ್ಯಾಬ್_ಮೇಜು:

ಮೇಲಿನವರ ಲೆಕ್ಕ ಸರಿ. ವರದಿ ಓದುವ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಮೊದಲನೆಯದು, ಅಂಕಿ ರಂಜಕದ್ದೋ ಪಿ2ಒ5ದ್ದೋ ನೋಡಿ. ರಂಜಕವಾದರೆ ಹೆಕ್ಟೇರಿಗೆ 10 ಕಿಲೋಗಿಂತ ಕಡಿಮೆ ಇದ್ದರೆ "ಕಡಿಮೆ", 25ರ ಮೇಲೆ "ಹೆಚ್ಚು". ಪಿ2ಒ5 ಆದರೆ ಅದೇ ಗೆರೆಗಳು ಸುಮಾರು 23 ಮತ್ತು 57. ಒಂದರ ಅಂಕಿಯನ್ನು ಇನ್ನೊಂದರ ಗೆರೆಗೆ ಹೋಲಿಸಿ ಓದುವುದು ತುಂಬಾ ಸಾಮಾನ್ಯ ತಪ್ಪು. ಪಿ2ಒ5 ಅನ್ನು 0.437ರಿಂದ ಗುಣಿಸಿದರೆ ರಂಜಕ. ನಿಮ್ಮ 92 ಅಂದರೆ 40 ಕಿಲೋ ರಂಜಕ. ಅದನ್ನು 2.24ರಿಂದ ಭಾಗಿಸಿದರೆ 18 ಪಿಪಿಎಂ. ಯಾವ ಕಡೆಯಿಂದ ನೋಡಿದರೂ ಹೆಚ್ಚೇ.

ಎರಡನೆಯದು, ಆ 92 ಕಿಲೋ ಮಣ್ಣಿನಲ್ಲಿರುವ ರಂಜಕದ ಪೂರ್ತಿ ತೂಕ ಅಲ್ಲ. ಪಿಎಚ್ 8.5ರ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಅರ್ಧ ಗಂಟೆ ಅಲುಗಾಡಿಸಿದಾಗ ಬಿಟ್ಟುಕೊಟ್ಟದ್ದು ಮಾತ್ರ. ಓಲ್ಸೆನ್ ವಿಧಾನ ಅನ್ನುವುದು ಇದನ್ನೇ. ಉಳಿತಾಯವಾಗಿ ಸೇರಿದ ರಂಜಕದಲ್ಲಿ ಎಂಟನೇ ಒಂದು ಭಾಗದ ಹತ್ತಿರ ಈ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಿಮ್ಮ ಎಕರೆಗೆ 260 ಕಿಲೋ ಅಂದರೆ ಹೆಕ್ಟೇರಿಗೆ 640, ಅದರ ಎಂಟನೇ ಒಂದು ಭಾಗ 80. 10 ವರ್ಷದ ಹಿಂದೆ 12–15 ಇದ್ದ ಎರೆ ಹೊಲ ಇವತ್ತು 92 ತೋರಿಸುವುದು ಸರಿಯಾಗಿಯೇ ಕೂಡುತ್ತದೆ. ಇಳಿಯುವಾಗಲೂ ಇದೇ ಅನುಪಾತ. ನೀವು ಎಕರೆಗೆ 15 ಹಾಕಿ 20 ತೆಗೆದರೆ ಕೊರತೆ ಬೀಳುವುದು ಹೆಕ್ಟೇರಿಗೆ 12 ಕಿಲೋ, ವರದಿಯಲ್ಲಿ ಇಳಿಯುವುದು ವರ್ಷಕ್ಕೆ ಒಂದೂವರೆ. ಏನೂ ಹಾಕದಿದ್ದರೂ ವರ್ಷಕ್ಕೆ ಆರರ ಹತ್ತಿರ. ಹಾಗಾಗಿ ಒಂದು ಬೆಳೆಗೆ ಕಡಿಮೆ ಮಾಡಿದರೆ ಹೊಲ ಬರಿದಾಗುತ್ತದೆ ಅನ್ನುವ ಭಯ ಬೇಡ. ವರ್ಷವರ್ಷ ಪರೀಕ್ಷೆಯೂ ಬೇಡ, ಎರಡು ಮೂರು ವರ್ಷಕ್ಕೊಮ್ಮೆ, ಪ್ರತಿ ಸಲ ಅದೇ ತಿಂಗಳಲ್ಲಿ, ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಮಾಡಿಸಿ. 60ರ ಹತ್ತಿರ ಬಂದಾಗ ಬೆಳೆ ಒಯ್ಯುವಷ್ಟನ್ನು, ಎಕರೆಗೆ 20 ಕಿಲೋ, ಹಾಕಲು ಶುರು ಮಾಡಿ.

ಸ್ಯಾಂಪಲ್ ತೆಗೆಯುವಲ್ಲೇ ಅರ್ಧ ತಪ್ಪು ಆಗುತ್ತದೆ. ನೀವು ಗೊಬ್ಬರ ಸಾಲಿನಲ್ಲಿ ಬಿಡುವವರು. ಹಳೇ ಸಾಲಿನ ಮೇಲೆಯೇ ಅಗೆದರೆ ಅಂಕಿ ಏರುತ್ತದೆ, ಎಡೆಯಲ್ಲೇ ಅಗೆದರೆ ಇಳಿಯುತ್ತದೆ. ಎರಡು ಬೇಸಾಯ ಆಗಿ ಮಣ್ಣು ಬೆರೆತ ಮೇಲೆ, ಬೇಸಿಗೆಯಲ್ಲಿ, ಹಾವಿನ ನಡಿಗೆಯಲ್ಲಿ ಹೊಲದ 12–15 ಕಡೆ ತೆಗೆಯಿರಿ. ಇಂಗ್ಲಿಷಿನ ವಿ ಅಕ್ಷರದ ಹಾಗೆ 15 ಸೆಂ.ಮೀ. ಗುಂಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ಸೀಳು. ಬದು, ತಿಪ್ಪೆ ಇಳಿಸಿದ ಜಾಗ, ಮರದ ನೆರಳು ಬಿಡಿ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ, ಎದುರೆದುರಿನ ಎರಡು ಪಾಲು ಬಿಸಾಡುತ್ತಾ ಅರ್ಧ ಕಿಲೋ ಉಳಿಸಿ ನೆರಳಲ್ಲಿ ಆರಿಸಿ. ಖಾಲಿ ಗೊಬ್ಬರದ ಚೀಲದಲ್ಲಿ ಮಣ್ಣು ತರಬೇಡಿ. ಚೀಲದ ಹೊಲಿಗೆಯಲ್ಲಿ ಉಳಿದ ಒಂದೆರಡು ಗುಳಿಗೆ ಸಾಕು, ವರದಿ ಪೂರ್ತಿ ಕೆಡಲು.

ಇನ್ನೊಂದು, ಪರೀಕ್ಷೆ ಓಲ್ಸೆನ್ ವಿಧಾನದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ಹುಳಿ ಮಣ್ಣಿಗೆ ಬಳಸುವ ಬ್ರೇ ವಿಧಾನದಲ್ಲಿ ಆಮ್ಲ ಇರುತ್ತದೆ. ಸುಣ್ಣದ ಎರೆ ಮಣ್ಣಿಗೆ ಅದನ್ನು ಹಾಕಿದರೆ ಸುಣ್ಣ ಆ ಆಮ್ಲವನ್ನೇ ತಿಂದು ರಂಜಕ ಇಲ್ಲವೆಂದು ತೋರಿಸುತ್ತದೆ.


ಎರೆಹೊಲ_ರಾಣೆಬೆನ್ನೂರು:

ಇಬ್ಬರಿಗೂ ಧನ್ಯವಾದ. ವರದಿಯಲ್ಲಿ ಓಲ್ಸೆನ್ ಅಂತಲೇ ಇದೆ. ಇನ್ನೂ ಮೂರು ಸಂದೇಹ. ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಹಾಕಿದರೆ ಎರೆ ಮಣ್ಣಿಗೆ ಮೇಲಾ? ರಂಜಕ ಕರಗಿಸುವ ಬ್ಯಾಕ್ಟೀರಿಯಾ ಈ 11 ಚೀಲವನ್ನು ಬಿಡಿಸಿ ಕೊಡುತ್ತದಾ? ಚೀಲದ ಡಿಎಪಿ ಪೂರ್ತಿ ಬಿಟ್ಟು ನ್ಯಾನೋ ಡಿಎಪಿ ಸಿಂಪಡಿಸಿದರೆ ಆಗುತ್ತದಾ?


ಮಣ್ಣಿನ_ಲೆಕ್ಕ:

ಸೂಪರ್ ಫಾಸ್ಫೇಟ್ ನಿಮ್ಮ ಹೊಲಕ್ಕೆ ಒಳ್ಳೆಯ ಆಯ್ಕೆ, ಆದರೆ ಕಾರಣ ರಂಜಕವಲ್ಲ, ಗಂಧಕ. 50 ಕಿಲೋ ಚೀಲದಲ್ಲಿ 8 ಕಿಲೋ ಪಿ2ಒ5, ಐದೂವರೆ ಕಿಲೋ ಗಂಧಕ. 2 ಚೀಲ ಹಾಕಿದರೆ 16 ಕಿಲೋ ಪಿ2ಒ5, 11 ಕಿಲೋ ಗಂಧಕ. 10 ವರ್ಷ ಬರೀ ಡಿಎಪಿ, ಯೂರಿಯಾ ಕಂಡ ಹೊಲಕ್ಕೆ ಗೊಬ್ಬರದಿಂದ ಗಂಧಕ ಬಂದೇ ಇಲ್ಲ. ರಂಜಕದ ಮಟ್ಟಿಗೆ, ಸೂಪರಿನ ಗುಳಿಗೆ ಕರಗುವಾಗ ಸುತ್ತ ಹುಳಿ, ಡಿಎಪಿ ಗುಳಿಗೆಯ ಸುತ್ತ ಪಿಎಚ್ 8ರ ಆಸುಪಾಸು. ಈ ವ್ಯತ್ಯಾಸ ಕೆಲವೇ ದಿನದ್ದು, ಕೆಲವೇ ಮಿಲಿಮೀಟರಿನದ್ದು. ಸುಣ್ಣದ ಮಣ್ಣಿನಲ್ಲಿ ಎರಡೂ ಕೊನೆಗೆ ಅದೇ ಡೈಕ್ಯಾಲ್ಸಿಯಂ ಫಾಸ್ಫೇಟ್ ಆಗುತ್ತವೆ. ಹೊಲದ ಪಿಎಚ್ ಇಳಿಸುವ ಶಕ್ತಿ ಸೂಪರಿಗೆ ಇಲ್ಲ. ಇದರಲ್ಲಿ ಸಾರಜನಕ ಇಲ್ಲವಾದ್ದರಿಂದ 18 ಕಿಲೋಗೆ 39 ಕಿಲೋ ಯೂರಿಯಾ ಹೆಚ್ಚಿಗೆ ಬೇಕು. ಯೂರಿಯಾ ಮತ್ತು ಸೂಪರನ್ನು ಹಿಂದಿನ ದಿನವೇ ಕಲಸಿ ಇಡಬೇಡಿ, ನೀರು ಬಿಟ್ಟು ಅಂಟಾಗಿ ಕೂರಿಗೆಯ ಕೊಳವೆ ಕಟ್ಟುತ್ತದೆ.

ಬ್ಯಾಕ್ಟೀರಿಯಾ ಕೆಲಸ ಮಾಡುವುದು ನಿಜ. ಅವು ಬಿಡುವ ಸಾವಯವ ಆಮ್ಲ ಕ್ಯಾಲ್ಸಿಯಂ ಫಾಸ್ಫೇಟನ್ನು ಕರಗಿಸುತ್ತದೆ. ಆದರೆ ಅವುಗಳಿಗೆ ಊಟ ಬೇಕು, ಅದು ಇಂಗಾಲ. 0.42% ಇಂಗಾಲದ ಒಣ ಹೊಲಕ್ಕೆ ಬರೀ ಪುಡಿ ಎರಚಿದರೆ ಫಲ ಕಾಣುವುದು ಅನುಮಾನ. ಹಾಕುವುದಾದರೆ ಎಕರೆಗೆ 2 ಕಿಲೋವನ್ನು 100 ಕಿಲೋ ಹದವಾಗಿ ತೇವ ಇರುವ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಒಂದು ವಾರ ನೆರಳಲ್ಲಿ ಮುಚ್ಚಿಟ್ಟು, ಬಿತ್ತುವ ಸಾಲಿಗೆ ಬಿಡಿ. ರಾಸಾಯನಿಕ ಗೊಬ್ಬರದ ಜೊತೆ ಕಲಸಬೇಡಿ. ಸೊಪ್ಪೆ ತಿಂದ ದನದ ಸಗಣಿ ಅದೇ ಹೊಲಕ್ಕೆ ವಾಪಸ್ ಬರುವುದು ಇದಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ.

ಕೋಳಿ ಗೊಬ್ಬರ ಮಾತ್ರ ಎಚ್ಚರ. ಕೊಟ್ಟಿಗೆ ಗೊಬ್ಬರದ ಒಂದು ಟನ್ನಿನಲ್ಲಿ ಎರಡು ಮೂರು ಕಿಲೋ ಪಿ2ಒ5 ಇದ್ದರೆ ಕೋಳಿ ಗೊಬ್ಬರದಲ್ಲಿ 20 ಕಿಲೋಗೂ ಮಿಕ್ಕಿ. "ಸಾವಯವ ತಾನೇ" ಅಂತ ಎಕರೆಗೆ 3 ಟನ್ ಇಳಿಸಿದರೆ ಎರಡೂವರೆ ಚೀಲ ಡಿಎಪಿಯ ರಂಜಕ ಸುರಿದ ಹಾಗೆ.

ನ್ಯಾನೋ ಡಿಎಪಿ: 500 ಮಿ.ಲೀ. ಬಾಟಲಿಯ ಮೇಲೆ ಪಿ2ಒ5 16% ಅಂತ ಇದೆ, ಅಂದರೆ 80 ಗ್ರಾಂ. 12 ಕಿಲೋ ಗೋವಿನಜೋಳದ ಕಾಳಿನಲ್ಲಿ ಇರುವಷ್ಟು ರಂಜಕ ಅದು. ನಿಮ್ಮ ಹೊಲದಲ್ಲಿ ದಾಸ್ತಾನು ಇರುವುದರಿಂದ ಅದನ್ನು ಸಿಂಪಡಿಸಿ ಚೀಲ ಬಿಟ್ಟರೂ ಕೆಲವು ವರ್ಷ ಬೆಳೆ ಬರುತ್ತದೆ. ಆ ಬೆಳೆ ತಂದುಕೊಟ್ಟದ್ದು ಹಳೇ ಡಿಎಪಿ. ದಾಸ್ತಾನು ಇಲ್ಲದ ಮಸಾರಿ (ಕೆಂಪು ಮಣ್ಣಿನ) ಹೊಲದವರು ಇದನ್ನು ನೋಡಿ ಚೀಲ ಬಿಟ್ಟರೆ ಮೊದಲ ವರ್ಷವೇ ಪೆಟ್ಟು ತಿನ್ನುತ್ತಾರೆ.


ಅಡಿಕೆ_ಬುಡ_ತೀರ್ಥಹಳ್ಳಿ:

ಮಲೆನಾಡಿನವರು ಈ ಚರ್ಚೆ ಓದಿ ಇದೇ ಲೆಕ್ಕವನ್ನು ತೋಟಕ್ಕೆ ಹಾಕಿಕೊಳ್ಳಬೇಡಿ. ನಮ್ಮಲ್ಲಿ ಪಿಎಚ್ 5ರ ಆಸುಪಾಸು. ಇಲ್ಲಿ ರಂಜಕವನ್ನು ಹಿಡಿಯುವುದು ಸುಣ್ಣವಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂ. ಜಂಬಿಟ್ಟಿಗೆ ಮಣ್ಣಿನ ಕೆಂಪು ಬಣ್ಣವೇ ಆ ಕಬ್ಬಿಣದ ಆಕ್ಸೈಡ್. ಕರಗಿದ ರಂಜಕ ಅದರ ಮೈಗೆ ಅಂಟಿಕೊಳ್ಳುತ್ತದೆ, ಕಾಲ ಕಳೆದಂತೆ ಒಳಗೆ ಇಳಿಯುತ್ತದೆ. ಎರೆ ಮಣ್ಣು ವಾಪಸ್ ಕೊಡುವಷ್ಟು ಸುಲಭವಾಗಿ ಇದು ಕೊಡುವುದಿಲ್ಲ.

ಅದಕ್ಕೇ ಇಲ್ಲಿ ಶಿಲಾರಂಜಕ (ರಂಜಕ ಇರುವ ಬಂಡೆಯ ಪುಡಿ, ರಾಕ್ ಫಾಸ್ಫೇಟ್) ಕೆಲಸ ಮಾಡುತ್ತದೆ. ಮಣ್ಣಿನ ಹುಳಿಯೇ ಅದನ್ನು ಸ್ವಲ್ಪ ಸ್ವಲ್ಪ ಕರಗಿಸುತ್ತಾ ಹೋಗುತ್ತದೆ. ಅಡಿಕೆಗೆ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ಪಿ2ಒ5, 140 ಗ್ರಾಂ ಪೊಟ್ಯಾಷ್. 20% ಇರುವ ಶಿಲಾರಂಜಕವಾದರೆ 200 ಗ್ರಾಂ. ಅದೇ ಶಿಲಾರಂಜಕವನ್ನು ಪಿಎಚ್ 8.1ರ ರಾಣೆಬೆನ್ನೂರಿನ ಹೊಲಕ್ಕೆ ಹಾಕಿದರೆ ಮರಳು ಹಾಕಿದ ಹಾಗೆ.

ಸುಣ್ಣ ಮತ್ತು ಶಿಲಾರಂಜಕವನ್ನು ಒಟ್ಟಿಗೆ ಹಾಕುವವರು ಬಹಳ. ಕರಗಿಸುವ ಹುಳಿಯನ್ನೇ ಸುಣ್ಣ ಕೊಂದುಬಿಡುತ್ತದೆ. ಪಿಎಚ್ ಐದಕ್ಕಿಂತ ತೀರಾ ಕೆಳಗಿದ್ದು ಸುಣ್ಣ ಹಾಕಲೇಬೇಕು ಅಂದರೆ ಆ ವರ್ಷದ ರಂಜಕವನ್ನು ಮೂರು ವಾರ ಬಿಟ್ಟು ಕರಗುವ ರೂಪದಲ್ಲಿ ಕೊಡಿ. 10-26-26 ಅನ್ನು (ಶೇಕಡಾ 10 ಸಾರಜನಕ, 26 ಪಿ2ಒ5, 26 ಪೊಟ್ಯಾಷ್ ಇರುವ ಮಿಶ್ರ ಗೊಬ್ಬರ) ವರ್ಷಾನುಗಟ್ಟಲೆ ಬುಡಕ್ಕೆ ಸುರಿದ ಹಳೇ ತೋಟಗಳಲ್ಲಿ ಪೊಟ್ಯಾಷ್‌ಗಾಗಿ ಹಾಕಿದ ಗೊಬ್ಬರದಿಂದ ರಂಜಕ ಬೇಡದಷ್ಟು ಸೇರಿರುತ್ತದೆ. 140 ಗ್ರಾಂ ಪೊಟ್ಯಾಷ್ ಅದರಿಂದಲೇ ಕೊಟ್ಟರೆ ರಂಜಕವೂ 140 ಗ್ರಾಂ ಹೋಗುತ್ತದೆ, ಬೇಕಾದದ್ದರ ಮೂರೂವರೆ ಪಟ್ಟು. ಅಂಥ ತೋಟಕ್ಕೆ ಯೂರಿಯಾ, ಮ್ಯುರೇಟ್ ಆಫ್ ಪೊಟ್ಯಾಷ್ ಬಿಡಿಯಾಗಿ ಕೊಡುವುದು ಸರಿ.


ಗದ್ದೆ_ಗಂಗಾವತಿ:

ಭತ್ತದವರಿಗೆ ಒಂದು ಮಾತು. ಗದ್ದೆಗೆ ನೀರು ಕಟ್ಟಿದ ಎರಡು ಮೂರು ವಾರದಲ್ಲಿ ಮಣ್ಣಿನಲ್ಲಿ ಗಾಳಿ ತೀರಿ, ಕಬ್ಬಿಣದ ರೂಪ ಬದಲಾಗಿ, ಅದು ಹಿಡಿದಿದ್ದ ರಂಜಕ ಬಿಡುಗಡೆಯಾಗುತ್ತದೆ. ಅದಕ್ಕೇ ಕಡಿಮೆ ರಂಜಕದಲ್ಲೂ ಭತ್ತ ಚೆನ್ನಾಗಿ ಬರುತ್ತದೆ. ನೀರು ಬಸಿದು ಗದ್ದೆ ಒಣಗಿದಾಗ ಇದು ಉಲ್ಟಾ ಆಗುತ್ತದೆ. ಹೊಸದಾಗಿ ಹುಟ್ಟಿದ ಕಬ್ಬಿಣದ ಆಕ್ಸೈಡ್ ನುಣ್ಣಗಿದ್ದು ರಂಜಕವನ್ನು ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತದೆ. ಭತ್ತದ ಹಿಂದೆ ಹಾಕಿದ ಕಡಲೆ, ಗೋವಿನಜೋಳ ಸೊರಗುವುದಕ್ಕೆ ಇದೂ ಒಂದು ಕಾರಣ. ವರ್ಷಕ್ಕೆ ಒಂದೇ ಸಲ ರಂಜಕ ಕೊಡುವ ಶಕ್ತಿ ಇದ್ದರೆ ಅದನ್ನು ಭತ್ತಕ್ಕೆ ಅಲ್ಲ, ಭತ್ತ ಕೊಯ್ದ ಮೇಲೆ ಹಾಕುವ ಒಣ ಬೆಳೆಗೆ ಕೊಡಿ. ಅದರ ಉಳಿಕೆಯನ್ನು ಮತ್ತೆ ನೀರು ಕಟ್ಟಿದಾಗ ಮುಂದಿನ ಭತ್ತ ತೆಗೆದುಕೊಳ್ಳುತ್ತದೆ.

ನಾಟಿಯಾಗಿ ತಿಂಗಳಾದ ಮೇಲೆ ಡಿಎಪಿ ಎರಚುವುದು ನಮ್ಮ ಕಡೆ ಇನ್ನೂ ಇದೆ. ಅದರಿಂದ ಪೈರು ಹಸಿರಾಗುವುದು ಅದರಲ್ಲಿನ ಸಾರಜನಕದಿಂದ, ಅದನ್ನು ಯೂರಿಯಾದಲ್ಲೇ ಕೊಡಬಹುದು. ರಂಜಕ ನೀರಿನ ಕೆಳಗೆ ಕೆಸರಿನ ಮೇಲ್ಪದರದಲ್ಲೇ ಕೂತು ಪಾಚಿ ಬೆಳೆಸುತ್ತದೆ.


ಹನಿ_ನೀರು:

ಡ್ರಿಪ್ಪಿನಲ್ಲಿ 12-61-0 (ನೀರಿನಲ್ಲಿ ಕರಗುವ ಮೋನೋ ಅಮೋನಿಯಂ ಫಾಸ್ಫೇಟ್) ಬಿಡುವವರು ಮೊದಲು ಒಂದು ಪರೀಕ್ಷೆ ಮಾಡಿ. ಗಾಜಿನ ಬಾಟಲಿಯಲ್ಲಿ ಒಂದು ಲೀಟರ್ ಬೋರಿನ ನೀರು ಹಿಡಿದು, ಟ್ಯಾಂಕಿನಲ್ಲಿ ಬಳಸುವ ಅನುಪಾತದಲ್ಲೇ ಗೊಬ್ಬರ ಕರಗಿಸಿ ರಾತ್ರಿ ಇಡಿ. ಬೆಳಗ್ಗೆ ಮಜ್ಜಿಗೆ ನೀರಿನ ಹಾಗೆ ಬೆಳ್ಳಗಾಗಿ ಅಡಿಯಲ್ಲಿ ಹಿಟ್ಟು ಕೂತಿದ್ದರೆ ಅದು ಕ್ಯಾಲ್ಸಿಯಂ ಫಾಸ್ಫೇಟ್. ಅದೇ ಹಿಟ್ಟು ಹನಿ ಬೀಳುವ ತೂತಿನಲ್ಲೂ ಕೂರುತ್ತದೆ. ಅಂಥ ನೀರಿನವರು ರಂಜಕವನ್ನು ಮಣ್ಣಿಗೇ ಹಾಕಿ, ಡ್ರಿಪ್ಪಿನಲ್ಲಿ ಸಾರಜನಕ, ಪೊಟ್ಯಾಷ್ ಮಾತ್ರ ಬಿಡಿ. ಕ್ಯಾಲ್ಸಿಯಂ ನೈಟ್ರೇಟ್ ಬಿಡುವ ದಿನ ರಂಜಕ ಬೇಡ, ನಡುವೆ ಬರೀ ನೀರು ಓಡಿಸಿ ಪೈಪು ತೊಳೆಯಿರಿ.


ಎರೆಹೊಲ_ರಾಣೆಬೆನ್ನೂರು:

ಹೀಗೆ ಮಾಡಬೇಕೆಂದಿದ್ದೇನೆ: 4 ಎಕರೆಗೂ, ಎಕರೆಗೆ ಸೂಪರ್ 2 ಚೀಲದಂತೆ, ಯೂರಿಯಾ 39 ಕಿಲೋ ಹೆಚ್ಚಿಗೆ, ಸತುವಿನ ಸಲ್ಫೇಟ್ 10 ಕಿಲೋ ಬೇರೆ ದಿನ. ತಪ್ಪಿದ್ದರೆ ಹೇಳಿ.


ಮಣ್ಣಿನ_ಲೆಕ್ಕ:

ಸರಿಯಿದೆ, ಎರಡು ತಿದ್ದುಪಡಿ ಮಾತ್ರ. ಆ 39 ಕಿಲೋ ಯೂರಿಯಾವನ್ನು ಬಿತ್ತುವಾಗಲೇ ಪೂರ್ತಿ ಹಾಕಬೇಡಿ. ಮೂರನೇ ಒಂದು ಭಾಗ ಬಿತ್ತುವಾಗ, ಅದೂ ಬೀಜದಿಂದ ದೂರ. ಉಳಿದದ್ದನ್ನು ಎಡೆ ಹೊಡೆಯುವಾಗ ಮೇಲುಗೊಬ್ಬರದ ಜೊತೆ ಸೇರಿಸಿ.

ಮತ್ತೆ, 4 ಎಕರೆಯನ್ನೂ ಒಂದೇ ಥರ ಬಿತ್ತಬೇಡಿ. ಒಂದೇ ಥರದ ಮಣ್ಣಿರುವ ಕಡೆ, ಬದುವಿನಿಂದ ದೂರ, ಹತ್ತತ್ತು ಸಾಲಿನ ಮೂರು ಪಟ್ಟಿ ಗುರುತು ಮಾಡಿ. ಒಂದಕ್ಕೆ ರಂಜಕವೇ ಇಲ್ಲ, ಒಂದಕ್ಕೆ ಈಗ ಹೇಳಿದ ಅರ್ಧ, ಒಂದಕ್ಕೆ ಹಳೇ 46 ಕಿಲೋದ ಲೆಕ್ಕ. ಯೂರಿಯಾವನ್ನು ಮೂರಕ್ಕೂ ಒಟ್ಟು ಸಾರಜನಕ ಒಂದೇ ಆಗುವ ಹಾಗೆ ಹೊಂದಿಸಿ. ಗಂಧಕ ಲೆಕ್ಕ ಕೆಡಿಸದ ಹಾಗೆ ಮೂರು ಪಟ್ಟಿಗೂ ಜಿಪ್ಸಂ ಹಾಕಿ, ಇಲ್ಲವೇ ರಂಜಕ ಬೀಳುವ ಎರಡು ಪಟ್ಟಿಗೂ ಅದನ್ನು ಡಿಎಪಿಯಿಂದಲೇ ಕೊಡಿ. ಗೂಟ ಬಡಿದು ಬಣ್ಣ ಹಚ್ಚಿಡಿ, ನಾಲ್ಕು ತಿಂಗಳಲ್ಲಿ ಯಾವುದು ಯಾವುದೆಂದು ಮರೆತುಹೋಗುತ್ತದೆ. ಕೊಯ್ಲಿನಲ್ಲಿ ಅಂಚಿನ ಎರಡೆರಡು ಸಾಲು ಬಿಟ್ಟು ನಡುವಿನ ಆರು ಸಾಲಿನ 20 ಮೀಟರ್ ತೆನೆ ಬೇರೆ ಮುರಿದು, ಒಣಗಿಸಿ, ಕಾಳು ತೂಗಿ. 72 ಚದರ ಮೀಟರ್ ಆಗುತ್ತದೆ, 25 ಕ್ವಿಂಟಾಲ್ ಲೆಕ್ಕಕ್ಕೆ ಸುಮಾರು 44 ಕಿಲೋ ಬರಬೇಕು. ಮೂರು ಪಟ್ಟಿಯ ವ್ಯತ್ಯಾಸ ಎರಡು ಮೂರು ಕಿಲೋದೊಳಗೇ ಇದ್ದರೆ ಮುಂದಿನ ವರ್ಷ ಇನ್ನೂ ಇಳಿಸಬಹುದು. ರಂಜಕ ಇಲ್ಲದ ಪಟ್ಟಿಯಲ್ಲಿ 20 ದಿನಕ್ಕೆ ಮತ್ತು 40 ದಿನಕ್ಕೆ ಎಲೆಯ ಫೋಟೋ ತೆಗೆದು ಇಲ್ಲೇ ಹಾಕಿ.